ಅಟ್ಟ ಮುಟ್ಟಬೇಡಿ!

ಬಚ್ಚಲುಮನೆಯ ಚಾವಣಿಯಿಂದ ಬೈಂಡರನ ಬೋಳುತಲೆಯ ನಟ್ಟನಡುವೆ ಒಂದು ಹನಿ ಟಪ್ಪೆಂದು ಬಿತ್ತು. ಪುಸ್ತಕಕ್ಕೆ ರಟ್ಟು ಹಾಕುವ ಅವನಿಗೆ ಸಿಟ್ಟು ಬರಲು ಅಷ್ಟು ಸಾಕು. ಈ ಹಳೇ ಮನೆ ಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಸ್ಟೂಲು ಹತ್ತಿ, ಅಟ್ಟದ ಹಲಗೆ ಸರಿಸಿ, ಟಾರ್ಚ್ ಬಿಟ್ಟು ನೋಡಿದ.

ಮುರಿದ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ, ಬಿಸಿನೀರಿನ ಪೈಪಿನ ಸುತ್ತ ಬೂದುಬಣ್ಣದ ದಪ್ಪ ಹೊದಿಕೆ. ಒಂದು ಕಡೆ ಅಂಚು ಹರಿದು ನಾರು ಇಣುಕುತ್ತಿತ್ತು. ಬೈಂಡರ್ ಉಸಿರು ಬಿಗಿಹಿಡಿದು, ಹಲಗೆಯನ್ನು ಮೆಲ್ಲಗೆ ಮುಚ್ಚಿ ಇಳಿದ. ಈ ನಾರಿನ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು. ಅವನ ಅಣ್ಣ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಹದಿನೆಂಟು ವರ್ಷ ಇದನ್ನೇ ಪೈಪುಗಳಿಗೆ ಸುತ್ತಿದ್ದ. ಕೆಲಸ ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ, ನಾಲ್ಕು ಮೆಟ್ಟಿಲು ಹತ್ತಲಾಗದೆ, ಉಸಿರಿಗೆ ತಡಕಾಡಿ ಸತ್ತಿದ್ದ.

"ಆಸ್ಬೆಸ್ಟಾಸ್! ಯಾರೂ ಅಟ್ಟ ಮುಟ್ಟಬೇಡಿ!" ಎಂದು ಕೂಗಿದ.

ಕೂಗಿದ್ದೇ ತಪ್ಪಾಯಿತು. ಸಕ್ಕರೆ ಚೆಲ್ಲಿದಲ್ಲಿಗೆ ಇರುವೆ ಬಂದಂತೆ ಬೀದಿಯವರು ಬಂದರು. ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಓವರ್ಸಿಯರ್.

"ಎಲ್ರೀ, ತೋರಿಸಿ. ಇಂಥ ನೂರು ಮನೆ ಕಟ್ಟಿಸಿದ್ದೀನಿ ನಾನು. ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ!" ಎನ್ನುತ್ತಾ ಊರುಗೋಲಿನಿಂದ ಅಟ್ಟದ ಹಲಗೆಗೆ ತಿವಿಯಹೊರಟರು.

ಬೈಂಡರ್ ಕೋಲು ಕಿತ್ತುಕೊಂಡ. "ಕಟ್ಟಿಸಿದೋರು ನೀವು ಸ್ವಾಮಿ, ಸುತ್ತಿದೋನು ನಮ್ಮಣ್ಣ! ಅವನು ಎಲ್ಲಿದ್ದಾನೆ ಅಂತ ಕೇಳಿ ಒಂದು ಸಲ!"

ಎದುರುಮನೆ ಅಜ್ಜಿ ಪೊರಕೆ ಸಮೇತ ಬಂದಿದ್ದರು. "ಒಂದು ಸಲ ಗುಡಿಸಿ ಬಿಸಾಕಿದ್ರೆ ಆಯ್ತಪ್ಪ. ಅದಕ್ಯಾಕೆ ಇಷ್ಟು ರಂಪ?"

"ಗುಡಿಸಿದ್ರೆ ಪುಡಿ ಏಳುತ್ತೆ ಅಜ್ಜಿ! ಎದೆಯೊಳಗೆ ಹೋಗಿ ಕೂತ್ರೆ ಯಾವ ಪೊರಕೆಗೂ ಬರಲ್ಲ!"

ಪುರಸಭೆಗೆ ಫೋನ್ ಮಾಡಿದ. ಒಬ್ಬ ಇನ್ನೊಬ್ಬನಿಗೆ ಕೊಟ್ಟ, ಅವನು ಸೊಳ್ಳೆ ವಿಭಾಗಕ್ಕೆ ಕೊಟ್ಟ. ಅಲ್ಲಿಯವನು ಆಕಳಿಸುತ್ತಾ, "ಅದು ಕಚ್ಚುತ್ತಾ?" ಎಂದ. ಬೈಂಡರನ ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಐದನೆಯವನು ಮಾತ್ರ ಗಾಬರಿಯಿಂದ, "ಯಾರೂ ಕೈ ಹಾಕಬೇಡಿ, ಜನ ಕಳಿಸ್ತೀವಿ" ಎಂದ.

ಫೋನ್ ಇಟ್ಟು ತಿರುಗಿದರೆ, ಹೆಂಡತಿಯ ತಮ್ಮ ಮುಖಕ್ಕೆ ಕರವಸ್ತ್ರ ಕಟ್ಟಿ, ಕೈಯಲ್ಲಿ ಉಳಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ.

"ಭಾವ, ಹತ್ತೇ ನಿಮಿಷ. ಎಲ್ಲಾ ಕೆರೆದು ಹಾಕ್ತೀನಿ."

ಬೈಂಡರ್ ಅವನ ಸೊಂಟ ಹಿಡಿದು ಕೆಳಗಿಳಿಸಿದ. "ನಿನ್ನ ಅಕ್ಕ, ನನ್ನ ಮಗಳು ಇದೇ ಗಾಳಿ ಕುಡೀಬೇಕು ಕಣೋ! ತಲೇಲಿ ಏನು ತುಂಬ್ಕೊಂಡಿದ್ದೀಯ? ತೊಲಗು ಇಲ್ಲಿಂದ!"

ಭಾಮೈದನ ಮುಖ ಸುಟ್ಟ ಬದನೆಕಾಯಿಯಾಯಿತು. ಉಳಿಯನ್ನು ಜೇಬಿಗೆ ಸಿಕ್ಕಿಸಿ ಹೊರಟುಹೋದ.

"ಪಾಪ, ಸಹಾಯಕ್ಕೆ ಬಂದೋನು," ಎಂದಳು ಹೆಂಡತಿ.

"ಕೊಲ್ಲೋ ಸಹಾಯ ಯಾರಿಗೆ ಬೇಕು?" ಬೈಂಡರ್ ಬಚ್ಚಲ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ, ಊಟವನ್ನೂ ಬಿಟ್ಟು ಕಾವಲು ಕೂತ.

ನಾಲ್ಕು ಗಂಟೆಗೆ ಪುರಸಭೆಯ ಇನ್ಸ್‌ಪೆಕ್ಟರ್ ಬಂದರು. ಮುಖವಾಡ ತೊಟ್ಟು ಅಟ್ಟ ಪರೀಕ್ಷಿಸಿದರು. ಬಚ್ಚಲಿಗೆ ದಪ್ಪ ಪ್ಲಾಸ್ಟಿಕ್ ಅಂಟಿಸಿ ಹೊರಬಂದರು.

"ಆಸ್ಬೆಸ್ಟಾಸೇ. ಮುಟ್ಟದೆ ಕಾಪಾಡಿದ್ದೀರಿ, ಭೇಷ್! ತರಬೇತಿ ಆದೋರು ಬಂದು ತೆಗೀತಾರೆ. ಎರಡು ವಾರ ಬೇರೆ ಕಡೆ ಇರಿ."

ಬೈಂಡರ್ ಊರುಗೋಲನ್ನು ಓವರ್ಸಿಯರ್ ಕೈಗೆ ಹಿಂದಿರುಗಿಸಿದ. ಆ ಗತ್ತು ನೋಡಬೇಕಿತ್ತು!

ಎಲ್ಲಿಗೆ ಹೋಗುವುದು? ಹೆಂಡತಿ ಆಗಲೇ ತಮ್ಮನಿಗೆ ಫೋನ್ ಮಾಡಿಯಾಗಿತ್ತು. ಅವನ ಮನೆ ಎರಡು ಬೀದಿ ಆಚೆ. "ಅವನಿಗೆ ಬೇಜಾರೇನೂ ಇಲ್ವಂತೆ. ಬನ್ನಿ ಅಂದ."

ಬಾಗಿಲು ತೆರೆದ ಭಾಮೈದ ಹಿಟ್ಟಿನ ಗಿರಣಿಯಿಂದ ಎದ್ದುಬಂದವನಂತಿದ್ದ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೂದು.

"ಬನ್ನಿ ಭಾವ! ಬೆಳಿಗ್ಗೆ ನೀವು ಬೈದಿದ್ದು ಎದೆಗೆ ನಾಟ್ತು. ಬಂದು ನಮ್ಮ ಅಟ್ಟ ನೋಡ್ತೀನಿ, ಇಲ್ಲೂ ಅದೇ! ನೀವು ಬಂದಾಗ ಮಗೂಗೆ ತೊಂದರೆ ಆಗಬಾರ್ದು ಅಂತ ಒಂದೆಳೇನೂ ಬಿಡದೆ ಕೆರೆದು, ಮನೆಯೆಲ್ಲಾ ಗುಡಿಸಿಬಿಟ್ಟೆ!"

ಅವನ ಹಿಂದೆ, ಕಿಟಕಿಯ ಬಿಸಿಲಿನಲ್ಲಿ ಸಣ್ಣ ಪುಡಿ ನಿಧಾನವಾಗಿ ಸುತ್ತುತ್ತಿತ್ತು. ಬೈಂಡರ್ ಮಗಳನ್ನು ಹಿಂದಕ್ಕೆಳೆದುಕೊಂಡ. ಜನ್ಮದಲ್ಲೇ ಬೈದಿರದಂಥ ಬೈಗುಳ ಗಂಟಲಿಗೆ ಬಂತು. ಬಾಯಿಯನ್ನೂ ತೆರೆದ.

ತಟ್ಟನೆ ಮುಚ್ಚಿದ. ಬೈಯಬೇಕಾದರೆ ಮೊದಲು ಉಸಿರೆಳೆದುಕೊಳ್ಳಬೇಕು.