ಹೊಳೆ ದಾಟಲು ವಿಮಾನ ಹಿಡಿದದ್ದು

ಕುಂದಾಪುರದ ಹೊಳೆಯ ಕಡವನ್ನು ನಂಬಿ ಒಮ್ಮೆ ಕೆಟ್ಟವನು ನಾನು. ಅಕ್ಕನ ದೊಡ್ಡ ಮಗಳ ಮದುವೆಗೆಂದು ಬೆಂಗಳೂರಿನಿಂದ ರೈಲು, ಬಸ್ಸು, ಘಟ್ಟ ಎಲ್ಲವನ್ನೂ ಗೆದ್ದು ಬಂದವನು ಕೊನೆಗೆ ಆ ಕಡವಿನಲ್ಲಿ ದೋಣಿಗೆ ಕಾಯುತ್ತ ಕುಳಿತುಬಿಟ್ಟೆ. ಅಕ್ಕನ ಊರು ತ್ರಾಸಿ ಮುಟ್ಟುವಾಗ ಅಲ್ಲಿ ಎಂಜಲೆಲೆ ತೆಗೆಯುತ್ತಿದ್ದರು. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನು. ಕರೆತಂದವನು ಕೋಟದ ಸುಬ್ಬಣ್ಣ, ಸುತ್ತಿ ಬಳಸಿ ಅಕ್ಕನಿಗೆ ತಮ್ಮನಾಗಬೇಕಾದವನು! ಅವನೂ ಅದೇ ಹೊಳೆ ದಾಟಿ ಬಂದವನೇ. ಆದರೆ ಹಿಂದಿನ ದಿನವೇ ಬಂದಿದ್ದ.

"ಎರಡ್ನೇದವಳ ಮದಿಗೂ ಹೀಂಗೇ ಮಾಡ್ರೆ ನಿನ್ನನ್ ಮಾವ ಅಂತ ಹೇಳುದಿಲ್ಲೆ ಕಾಣ್!" ಎಂದಳು ಅಕ್ಕ.

ಆ ಮಾತು ಎದೆಗೆ ನಾಟಿತು. ಸ್ವಾತಂತ್ರ್ಯ ಬಂದ ಮರುವರ್ಷ ಎರಡನೆಯವಳ ಮದುವೆ ನಿಶ್ಚಯವಾಯಿತು. ಈ ಸಲ ಮುಹೂರ್ತಕ್ಕೆ ಮೊದಲೇ ಮಂಟಪದ ಬಳಿ ನಿಂತೇ ತೀರುತ್ತೇನೆಂದು ಪಣ ತೊಟ್ಟೆ. ಆಗ ನಾನು ಬೆಂಗಳೂರಿನ ಹೊರಗೆ, ವಿಮಾನ ಹಾರಿಸಲು ಕಲಿಸುವ ಒಂದು ಶಾಲೆಯಲ್ಲಿ ಊಟದ ಮನೆ ನಡೆಸುತ್ತಿದ್ದೆ. ಬರ್ಮಾ, ಸಿಂಹಳಗಳಿಂದ ಕಲಿಯಲು ಬಂದವರಿಗೆ ಇಡ್ಲಿ ಬಡಿಸುವುದು ನನ್ನ ಉದ್ಯೋಗ. ದಿನವೂ ವಿಮಾನ ಏರುವುದು, ಇಳಿಯುವುದು ನೋಡಿ ನೋಡಿ ಅರ್ಧ ವಿದ್ಯೆ ನನಗೇ ಬಂದಿದೆ ಎಂಬ ಭಾವನೆಯೂ ಇತ್ತು.

ಅಲ್ಲಿ ಸಿಂಹಳದ ಪೆರೇರಾ ಎಂಬ ವಿದ್ಯಾರ್ಥಿಗೆ ಲೈಸೆನ್ಸ್ ಸಿಗಲು ದೂರದ ಹಾರಾಟದ ಗಂಟೆಗಳು ಬೇಕಿದ್ದವು. ವಿಮಾನದ ಬಾಡಿಗೆ ಗಂಟೆಯ ಲೆಕ್ಕ; ಮೂತಿಯ ಪಂಖ ತಿರುಗಿದಾಗ ಶುರು, ನಿಂತಾಗ ಮುಕ್ತಾಯ. ಅವನ ಹತ್ತಿರ ಅಷ್ಟು ಹಣವಿರಲಿಲ್ಲ. ನನ್ನ ಹತ್ತಿರ ಅಷ್ಟು ತಾಳ್ಮೆಯಿರಲಿಲ್ಲ. ಅರ್ಧ ಅವನದು, ಅರ್ಧ ನನ್ನದು ಎಂದು ಒಪ್ಪಂದವಾಯಿತು. ಮುಂದೆ ಪೆರೇರಾ ಮತ್ತು ಅವನಿಗೆ ಕಲಿಸುವ ಮೇಷ್ಟ್ರು, ಹಿಂದೆ ಪೆಟ್ರೋಲು ಡಬ್ಬಿಗಳ ನಡುವೆ ನಾನು!

ಹೆಂಡತಿ ಸರಸ್ವತಿಗೆ ಇದು ಹಿಡಿಸಲಿಲ್ಲ.

"ಎರಡ್ ದಿನ ಮುಂಚೆ ಹೊರಟ್ರೆ ಆತಿಲ್ಯಾ? ಒಂದ್ ಹೊಳಿ ದಾಟುಕೆ ವಿಮಾನ ಎಂತಕ್ಕೆ ಮಾರಾಯ್ರೆ?"

"ಇದ್ ಹೊಳಿ ಪ್ರಶ್ನೆ ಅಲ್ಲ, ಮರ್ಯಾದಿ ಪ್ರಶ್ನೆ!"

"ಮರ್ಯಾದಿ ನಿಮ್ದ್. ಮಾರೂ ಬಳಿ ನಂದ್."

ಎರಡು ಬಳೆ ಕಳಚಿ ಕೊಟ್ಟು, ಮಕ್ಕಳನ್ನು ಕರೆದುಕೊಂಡು ಅವಳು ರೈಲಿನಲ್ಲೇ ಮುಂಚಿತವಾಗಿ ಹೊರಟಳು.

ಇಳಿಯುವುದು ತ್ರಾಸಿಯ ಕಡಲ ತೀರದಲ್ಲಿ. ಆ ಹೊತ್ತಿಗೆ ಸಮುದ್ರ ಇಳಿದಿರುತ್ತದೋ, ಏರುತ್ತಿರುತ್ತದೋ ಎಂದು ಪೆರೇರಾ ಕೇಳಿದ. ಇಳಿತದಲ್ಲಿ ಮಾತ್ರ ಮರಳು ಗಟ್ಟಿಯಂತೆ. ನನಗೆ ಸಿಟ್ಟೇ ಬಂತು. ಕಡಲ ಪಕ್ಕದಲ್ಲಿ ಹುಟ್ಟಿದವನಿಗೆ ಕಡಲಿನ ಪಾಠವೇ! ಪಂಚಾಂಗ ಬಿಡಿಸಿ ತೋರಿಸಿದೆ. "ಹನ್ನೊಂದಕ್ಕೆ ಮುಹೂರ್ತ. ಗುರುಬಲ ಇದೆ. ಎಲ್ಲಾ ಅನುಕೂಲ."

ಗುರುಬಲ ಇದ್ದದ್ದು ಮದುಮಗಳಿಗೆ. ವಿಮಾನಕ್ಕಲ್ಲ.

ಮದುವೆಯ ದಿನ ಬೆಳಗಾಗುತ್ತಲೇ ಹೊರಟೆವು. ಘಟ್ಟದ ಮೇಲೆ ಏನೇನು ಕಂಡಿತೆಂದು ಹೇಳಲಾರೆ, ಕಣ್ಣು ಮುಚ್ಚಿದ್ದೆ. ಮೇಷ್ಟ್ರು ಕೂಗಿದಾಗ ತೆರೆದೆ. ಕೆಳಗೆ ಅದೇ ಕಡವು, ದೋಣಿಗೆ ಕಾದು ನಿಂತವರ ತಲೆಗಳು! "ಕಾಯ್ಕಂಡಿರಿ! ನಾನ್ ಹೋತೆ!" ಎಂದು ಕೂಗಿದೆ. ಯಾರಿಗೂ ಕೇಳಿಸಲಿಲ್ಲವೆಂಬುದೊಂದೇ ಬೇಸರ.

ಒಂಬತ್ತೂವರೆಗೆ ಇಳಿದೆವು. ಮುಹೂರ್ತಕ್ಕೆ ಒಂದೂವರೆ ಗಂಟೆ ಮೊದಲು! ಮದುವೆಮನೆಯೇ ತೀರಕ್ಕೆ ಓಡಿ ಬಂದಿತ್ತು. ಪರದೇಶದವನು ಹಾರಿಸುತ್ತಾನೆಂದು ನಾನು ಬರೆದಿದ್ದೆ. ಬಿಳಿಯ ದೊರೆಯನ್ನು ಕಾಣಲು ಬಂದ ಭಾವ ಪೆರೇರಾನನ್ನು ನೋಡಿ, "ಇವ ನಮ್ಮ ಗಂಗೊಳ್ಳಿಯವ ಅಲ್ದಾ?" ಎಂದರು.

ಅಷ್ಟರಲ್ಲಿ ಒಬ್ಬ ಮುದುಕ ಮೀನುಗಾರ ಕೂಗಿದ. "ಹ್ವಾಯ್ ಭಟ್ರೆ! ಭರತ ಏರ್ತಾ ಇತ್ತ್! ನಿಮ್ ಹಕ್ಕಿ ಈಗ ಮೀನ್ ಆತ್ತ್ ಕಾಣಿ!"

ನೋಡಿದರೆ ಸಮುದ್ರ ಉಬ್ಬರಕ್ಕೆ ಬಂದಿದೆ, ಚಕ್ರಗಳು ಹೂತಿವೆ, ತೆರೆ ಹತ್ತಿರ ಬಂದಿದೆ. ಮೇಷ್ಟ್ರು ಗಾಬರಿಯಾಗಿ ಎಂಜಿನ್ ಚಾಲೂ ಮಾಡಿದರು. ಪಂಖ ತಿರುಗಿತು, ಜೊತೆಗೆ ಬಾಡಿಗೆಯೂ! ಗಂಡಸರೆಲ್ಲ ಕಚ್ಚೆ ಕಟ್ಟಿ ರೆಕ್ಕೆಗೆ ಹೆಗಲು ಕೊಟ್ಟರು. ಮದುಮಗನೂ ಬಂದಿದ್ದ, ಅವನ ತಾಯಿ ರಟ್ಟೆ ಹಿಡಿದು ಎಳೆದೊಯ್ದರು. ಬಾಲವನ್ನು ಮಾತ್ರ ಎತ್ತಿ ಹಿಡಿದವರು ಬಿಡಕೂಡದಂತೆ. ಬಿಟ್ಟರೆ ಮುರಿಯುತ್ತದೆ, ಮುರಿದರೆ ದಂಡ ಬಾಡಿಗೆ ಹಿಡಿದವರದು. ಇಷ್ಟು ಕೇಳಿದ ಮೇಲೆ ಅದನ್ನು ಬೇರೆಯವರ ಕೈಗೆ ಕೊಡುವುದುಂಟೇ? ನಾನೇ ಹಿಡಿದೆ. ಪಂಖ ಎರಚಿದ ಮರಳೆಲ್ಲ ನನ್ನ ಬಾಯಿಗೆ, ತೆರೆ ಬಂದಾಗ ನೀರು ಸೊಂಟಕ್ಕೆ. ವಿಮಾನ ಗೇಣು ಮುಂದೆ ಹೋಗುತ್ತಿತ್ತು, ಸಮುದ್ರ ಮೊಳ ಬರುತ್ತಿತ್ತು.

ಅಕ್ಕ ತೀರಕ್ಕೆ ಬಂದು ನಿಂತಳು. "ಶೀನಾ! ಮುಹೂರ್ತ ಬಂತ್! ಬತ್ಯಾ, ಇಲ್ಯಾ?"

"ಬತ್ತೆ ಅಕ್ಕಾ! ಈ ಬಾಲ ಒಂದ್ ಬಿಟ್ರೆ ಬತ್ತೆ!"

ಅಕ್ಕ ನನ್ನನ್ನು ನೋಡಿದಳು. ಬಾಲವನ್ನು ನೋಡಿದಳು. "ಸುಬ್ಬಣ್ಣಾ!" ಎಂದು ಕೂಗಿದಳು.

ಅವನು ಮೊನ್ನೆಯೇ ಬಂದಿದ್ದನಂತೆ. ವಿಮಾನದ ಹತ್ತಿರ ಸುಳಿಯದೆ, ಮಡಿ ಉಟ್ಟು ಜಗಲಿಯಲ್ಲೇ ಕುಳಿತಿದ್ದನಂತೆ!

ವಾಲಗ ಶುರುವಾಯಿತು. ಕೂಸಾಗಿದ್ದಾಗ ನನ್ನ ಹೆಗಲ ಮೇಲೆ ಕುಳಿತು ಇದೇ ತೀರದಲ್ಲಿ ಸುತ್ತಿದ ಹುಡುಗಿ ಆ ಮದುಮಗಳು. ನನಗೆ ಅಳು ಬಂತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಬಾಲ!

ಅಂತೂ ವಿಮಾನ ಒಣ ಮರಳು ಸೇರಿತು. ಸಂಜೆ ನೀರು ಇಳಿದ ಮೇಲೆ, ಮರಳು ಇನ್ನೂ ಮೆತ್ತಗಿದೆ, ಭಾರ ಕಡಿಮೆ ಮಾಡಬೇಕು ಎಂದು ಮೇಷ್ಟ್ರು ಸುತ್ತ ನೋಡಿದರು. ನೋಟ ನನ್ನ ಹೊಟ್ಟೆಯ ಮೇಲೆ ನಿಂತಿತು. ಪೆರೇರಾ ಕೈಬೀಸಿ ಹಾರಿಹೋದ. ನಾನು ಸರಸ್ವತಿಯ ಜೊತೆ ಕಡವಿನಲ್ಲಿ ದೋಣಿಗೆ ಕಾದೆ. ಅವಳು ಬೋಳು ಕೈಯನ್ನು ಆಗಾಗ ತಿರುಗಿಸಿ ನೋಡಿಕೊಂಡಳು.

ಪೆರೇರಾನಿಗೆ ಲೈಸೆನ್ಸ್ ಸಿಕ್ಕಿತು. ನಾನು ನೀರಲ್ಲಿ ನಿಂತ ಹೊತ್ತು ಅವನ ಹಾರಾಟದ ಪುಸ್ತಕಕ್ಕೆ ಸೇರಲಿಲ್ಲ. ಬಾಡಿಗೆಗೆ ಸೇರಿತು.

ಕಳೆದ ವಾರ ಮೂರನೆಯವಳ ಮದುವೆಯ ಕಾಗದ ಬಂದಿದೆ. ಹದಿನೈದು ದಿನ ಮೊದಲೇ ಹೊರಡುವುದೆಂದು ಚೀಲ ಕಟ್ಟಿಟ್ಟಿದ್ದೇನೆ. ಕೊನೆಯಲ್ಲಿ ಅಕ್ಕ ಎರಡು ಸಾಲು ಸೇರಿಸಿದ್ದಾಳೆ: "ಮಂಟಪದ ಕೆಲಸ ಸುಬ್ಬಣ್ಣನಿಗೆ ಹೇಳಿ ಆಗಿದೆ. ನೀನು ಊಟದ ಹೊತ್ತಿಗೆ ಬಾ, ನಡೆದುಕೊಂಡೇ ಬಾ."