ಪಾಷಾನ ಹೆಸರಿನ ಕತ್ತೆ

ಇಸ್ತಾಂಬುಲಿನ ಸುಲ್ತಾನರು ಮೋಸುಲ್ ಪ್ರಾಂತ್ಯಕ್ಕೆ ಗಜನ್ಫರ್ ಪಾಷಾ ಎಂಬ ಹೊಸ ಅಧಿಕಾರಿಯನ್ನು ಕಳಿಸಿದರು. ಅದರಲ್ಲಿ ನೀರು ಮಾರುವ ಹಮ್ದೂನನ ತಪ್ಪೇನೂ ಇರಲಿಲ್ಲ. ಆದರೆ ಅವನ ಕತ್ತೆಯ ಹೆಸರೂ ಗಜನ್ಫರ್.

ಬೆಳಿಗ್ಗೆ ಅವನು "ನಡಿಯೋ ಗಜನ್ಫರ್, ಸೋಮಾರಿ!" ಎಂದದ್ದೇ ತಡ, ಕಾಫಿ ಅಂಗಡಿಯ ಜಿರ್ಜಿಸ್ ಓಡಿ ಬಂದು ಅವನ ಬಾಯಿ ಮುಚ್ಚಿದ.

"ಪಾಷಾ ಇವತ್ತೇ ಊರಿಗೆ ಬರ್ತಿದಾರೆ ಮಾರಾಯ! ತಲೆ ಬೇಡ್ವಾ ನಿಂಗೆ?"

"ಹೆಸರು ಹಿಡಿದು ಬೈದ್ರೇನೇ ಇದು ನಡೆಯೋದು. ಏನ್ಮಾಡ್ಲಿ?"

ಓಣಿಯೆಲ್ಲ ಸೇರಿತು. ರೊಟ್ಟಿ ಸುಡುವ ಅಮೂನಜ್ಜಿ, "ಸಾಲಿಹ್ ಅಂತಿಡಪ್ಪ" ಎಂದಳು. ಕಟುಕ ಸಾಲಿಹ್ ಕತ್ತಿ ಹಿಡಿದೇ ಹೊರಬಂದದ್ದರಿಂದ ಆ ಸಲಹೆ ಬಿದ್ದುಹೋಯಿತು.

"ಹಿಂದಿನ ಪಾಷಾ ಹೆಸರಿಡು," ಎಂದ ಜಿರ್ಜಿಸ್. "ನುಸ್ರತ್. ಅಧಿಕಾರ ಹೋದೋರಿಗೆ ಯಾರು ಹೆದರ್ತಾರೆ?"

ಎಲ್ಲರೂ ತಲೆದೂಗಿದರು. ಒಬ್ಬರಾದ ಮೇಲೊಬ್ಬರು ಕತ್ತೆಯ ಕಿವಿಯಲ್ಲಿ "ನುಸ್ರತ್" ಎಂದು ಕೂಗಿ ಬಾಯಿಗೆ ಖರ್ಜೂರ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಕತ್ತೆಗೆ ಪಾಠ ಬಂದಿತ್ತು: ನುಸ್ರತ್ ಎಂದರೆ ಖರ್ಜೂರ.

ಹಮ್ದೂನ್ ನೀರು ಹೇರಿಕೊಂಡು ನದಿಯಿಂದ ಬರುವಾಗ, ಕೋಟೆ ಬಾಗಿಲಲ್ಲೇ ಪಾಷಾನ ಮೆರವಣಿಗೆ ಎದುರಾಯಿತು.

"ಪಕ್ಕಕ್ಕೆ ನಡಿ ನುಸ್ರತ್!"

ಕತ್ತೆ ನಿಂತು ಬಾಯಿ ತೆರೆಯಿತು.

"ನಡಿಯೋ ನುಸ್ರತ್, ಹೊಟ್ಟೆಬಾಕ!"

ಕತ್ತೆ ಇನ್ನಷ್ಟು ಅಗಲವಾಗಿ ಬಾಯಿ ತೆರೆಯಿತು. ನಗಾರಿ ನಿಂತಿತು, ಒಂಟೆಗಳು ನಿಂತವು. ಪಾಷಾ ಕುದುರೆಯ ಮೇಲಿಂದ ಬಗ್ಗಿ ಕೇಳಿದ: "ಏನಂತ ಕರೆದೆ ಅದನ್ನ?"

"ನು... ನುಸ್ರತ್ ಅಂತ, ಹುಜೂರ್."

ಪಾಷಾ ಗಡ್ಡ ಕುಲುಕುವಂತೆ ನಕ್ಕ. "ಭೇಷ್! ಬಾಯಿ ಬಿಟ್ಟಿರೋದೂ ಥೇಟ್ ಅವರ ಹಾಗೇ!" ಹಮ್ದೂನನಿಗೆ ಹೋದ ಜೀವ ಬಂದಂತಾಯಿತು.

ಕುದುರೆಯ ಹಿಂದಿದ್ದ ಪಲ್ಲಕ್ಕಿಯ ಪರದೆ ಸರಿಸಿ ಪಾಷಾನ ಹೆಂಡತಿ ಇಣುಕಿದಳು. "ಯಾರ್ರೀ ಅದು, ನಮ್ಮಪ್ಪನ ಹೆಸರು ಕತ್ತೆಗೆ ಇಟ್ಟೋನು?"

ಪಾಷಾನ ನಗು ಅಲ್ಲೇ ಇಂಗಿತು. "ಅದೇ ಕೇಳ್ತಿದ್ದೆ ಕಣೇ," ಎಂದ, ಸಣ್ಣ ದನಿಯಲ್ಲಿ. "ಇವನಿಗೆ ಛಡಿ ಏಟು ಹಾಕಿಸ್ತೀನಿ."

"ಏಟು ಹಾಕಿದ್ರೆ ನಮ್ಮಪ್ಪನ ಮರ್ಯಾದೆ ಬರುತ್ತಾ? ಆ ಹೆಸರು ಹೊತ್ತಿರೋದು ಬೀದೀಲಿ ನೀರು ಹೊರಬಾರದು. ನಮ್ಮ ಲಾಯಕ್ಕೆ ಕಳಿಸಿ."

ಕತ್ತೆ ಮೆರವಣಿಗೆಯ ಜೊತೆ ಅರಮನೆಗೆ ಹೋಯಿತು. ಅಂದಿನಿಂದ ಹಮ್ದೂನನೇ ಬೆನ್ನ ಮೇಲೆ ಚರ್ಮದ ಚೀಲ ಹೊತ್ತು ನೀರು ತರುತ್ತಾನೆ. ಮೊದಲ ಚೀಲ ಲಾಯಕ್ಕೆ ಹೋಗಬೇಕೆಂದು ಅಪ್ಪಣೆಯಾಗಿದೆ. ಅಲ್ಲಿ ಅವನು ತೊಟ್ಟಿ ತುಂಬಿಸಿ, ಸೊಂಟ ಬಗ್ಗಿಸಿ, "ಕುಡೀಬೇಕು, ನುಸ್ರತ್ ಸಾಹೇಬರೇ" ಎನ್ನುತ್ತಾನೆ.