ದೊಡ್ಡವ್ವನೂ ವಿಮಾನ ನಿಲ್ದಾಣದ ಮುಂಬಾಗಿಲೂ

ಗಾರೆ ಕೆಲಸದವರಿಗೆ ಇದು ತಪ್ಪಿದ್ದಲ್ಲ. ಮನೆ ಏಳುವ ತನಕ "ಬಾ ಮೇಸ್ತ್ರಿ, ಕಾಫಿ ಕುಡಿ" ಅನ್ನುವವರೇ ಬಣ್ಣ ಬಳಿದ ಮಾರನೇ ದಿನ ಬಾಗಿಲಲ್ಲಿ ನಿಲ್ಲಿಸಿ "ಯಾರು ಬೇಕಿತ್ತು?" ಅನ್ನುತ್ತಾರೆ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಮನೆ ಕಟ್ಟಿ ಕಟ್ಟಿ ನನಗೆ ಇದು ಅಭ್ಯಾಸವಾಗಿಹೋಗಿತ್ತು. ತೊಂಬತ್ತರ ದಶಕದಲ್ಲಿ, ಹೊರದೇಶದ ವಿಮಾನವೂ ಇಳಿಯಬೇಕು ಅಂತ ಬೆಂಗಳೂರಿನ ವಿಮಾನ ನಿಲ್ದಾಣವನ್ನು ದೊಡ್ಡದು ಮಾಡತೊಡಗಿದರು. ಅಲ್ಲಿಗೆ ನೆಲ ಹಾಸಲು ಕ್ಯಾತನಹಳ್ಳಿಯಿಂದ ನಮ್ಮ ಗ್ಯಾಂಗು ಕಟ್ಟಿಕೊಂಡು ಹೋದೆ. ಅಡುಗೆಗೆ ನಮ್ಮ ದೊಡ್ಡವ್ವ ಬಂದಳು. ಅವಳಿಗೆ ಮಾತ್ರ ಕೊನೆಗೂ ಅಭ್ಯಾಸವಾಗಲಿಲ್ಲ.

ಇಲ್ಲದ ಬಾಗಿಲ ಕಾವಲು

ಮೊದಲ ದಿನವೇ ಹೊಸ ಕಟ್ಟಡದ ಎದುರು ಕಾಂಟ್ರಾಕ್ಟರನ ವಾಚ್‌ಮನ್ ಕೈ ಅಡ್ಡ ಹಿಡಿದ.

"ಕೆಲ್ಸದೋರೆಲ್ಲ ಹಿಂದಿನ ಗೇಟಿಂದ."

"ಯಾಕ್ಲಾ? ನಾವೇನು ಕದಿಯಾಕೆ ಬಂದಿದ್ದೀವಾ?" ಅಂದಳು ದೊಡ್ಡವ್ವ.

"ಮುಂಬಾಗ್ಲು ನಿಮ್ಮಂತೋರಿಗಲ್ಲ ಕಣವ್ವ. ರೂಲ್ಸು."

ದೊಡ್ಡವ್ವ ತಲೆ ಮೇಲಿನ ಪಾತ್ರೆ ಗಂಟನ್ನು ಕೆಳಗಿಳಿಸಿದಳು. "ಈ ನೆಲ ಹಾಸೋರೇ ನಾವು. ಕೆಲ್ಸ ಮುಗಿಯೋದ್ರೊಳ್ಗೆ ಇದೇ ಬಾಗ್ಲಲ್ಲಿ ಬಲಗಾಲಿಟ್ಟು ಒಳೀಕೆ ಓಗ್ತೀನಿ. ಓಗ್ದೆ ಊರಿನ ಬಸ್ಸು ಅತ್ತಾಕಿಲ್ಲ, ನೋಡ್ತಿರು!"

ನನಗೆ ಭಯವಾಯಿತು. ಅವಳು ಹೇಳಿದ್ದನ್ನು ಬಿಡುವವಳಲ್ಲ. ಆಗ ಅವಳು ತಲೆ ಎತ್ತಿ ನೋಡಿದಳು. ಬಾಗಿಲು ಬರಬೇಕಾದ ಕಡೆ ಗೋಡೆಯಲ್ಲಿ ದೊಡ್ಡದೊಂದು ತೂತು ಇತ್ತು, ಅಷ್ಟೆ.

"ಅಯ್ಯೋ ಮಂಕೇ, ಇಲ್ದಿರೋ ಬಾಗ್ಲು ಕಾಯಾಕೆ ನಿನ್ನ ಮಡಗವ್ರಾ?" ಅಂದಳು.

ಹುಡುಗನ ಮನೆ ನೋಡಲು ಬಂದವರು

ಗ್ಯಾಂಗಿನಲ್ಲಿ ನಾಗಮಂಗಲದ ಕಡೆಯವನೊಬ್ಬನಿಗೆ ಕೆ.ಆರ್. ಪೇಟೆಯಲ್ಲಿ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಅಪ್ಪನ ಹತ್ತಿರ ಇವನು ಜಂಬದಲ್ಲಿ, "ವರ್ಷದಿಂದ ನಂಗೆ ಏರ್‌ಪೋರ್ಟೇ ಮನೆ" ಅಂದಿದ್ದ. ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನ ಮನೆ ನೋಡಲು ಬರುವುದು ಪದ್ಧತಿ. ಒಂದು ಭಾನುವಾರ ಅವರು ಹನ್ನೊಂದು ಜನ ಹಣ್ಣು, ಕಾಯಿ, ವೀಳ್ಯದೆಲೆ ಹಿಡಿದು ಸೀದಾ ಏರ್‌ಪೋರ್ಟಿಗೇ ಬಂದರು.

ವಾಚ್‌ಮನ್ ಬಿಡಲಿಲ್ಲ. ಬೀಗರಾಗುವವರನ್ನು ಬೀದಿಯಲ್ಲಿ ನಿಲ್ಲಿಸಿದ್ದಕ್ಕೆ ದೊಡ್ಡವ್ವ ಕುದಿದುಹೋದಳು. ಕೊನೆಗೆ ಹಿಂದಿನ ತಂತಿ ಬೇಲಿಯ ಪಕ್ಕ ಅವರಿಗೆ ಮುದ್ದೆ, ಉಪ್ಸಾರು ಬಡಿಸಿ, ಅಲ್ಲಿಂದಲೇ ಕೈ ತೋರಿಸಿದಳು. "ಅಗೋ, ಆ ಅಂಗ್ಳ ಪೂರಾ ನಮ್ಮುಡ್ಗ ಹಾಸಿದ್ದು."

ಹೆಣ್ಣಿನ ಅಪ್ಪ ಬೇಲಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ.

"ಅಂಗ್ಳ ಏನೋ ಚೆನ್ನಾಗೈತೆ. ಇಷ್ಟು ದೊಡ್ಡ ಮನೇಲಿ ಒಂದು ಕೊಟ್ಗೆ ಕಟ್ಟಾಕೆ ನಿಮ್ಗೇನಾಗಿತ್ತು?"

ನೀರಿನ ತಪ್ಪು

ಎಂಜಿನಿಯರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಆದರೆ ನೆಲದ ಮಟ್ಟ ನೋಡುವ ಮೂರು ಕಾಲಿನ ಮಿಷನ್ನಿನಲ್ಲಿ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ. ನಿಲ್ದಾಣದ ದೊಡ್ಡ ಸಾಹೇಬರ ಕೋಣೆ ಕಡೆ ನೆಲ ತಗ್ಗಾಗಿದೆ ಅಂತ ನಾನು ಮೂರು ಸಲ ಹೇಳಿದೆ. "ಮಿಷನ್ ಸರಿ ಅಂತಿದೆ, ಹಾಸ್ರೀ" ಅಂದರು. ಹಾಸಿದೆವು.

ಮಧ್ಯಾಹ್ನ ಊಟ ತಂದಿದ್ದ ದೊಡ್ಡವ್ವ ಹಾಸಿದ ನೆಲದ ಮೇಲೆ ಒಂದು ಬಕೆಟ್ ನೀರು ಸುರಿದಳು. ನೀರು ಒಂದಿಷ್ಟೂ ಅನುಮಾನಪಡದೆ ಸಾಹೇಬರ ಕೋಣೆಗೆ ಹೋಗಿ ನಿಂತಿತು.

"ಮಿಷನ್ ತಪ್ಪು ಹೇಳಲ್ಲಮ್ಮ" ಅಂದರು ಎಂಜಿನಿಯರು.

"ಅಂಗಾದ್ರೆ ನೀರಿಗೆ ಬುದ್ದಿ ಯೋಳಿ ಸ್ವಾಮಿ" ಅಂದಳು.

ಬಲಗಾಲು

ಕೆಲಸ ಮುಗಿಯಿತು. ಕಟ್ಟಡ ಒಪ್ಪಿಸಿಕೊಳ್ಳಲು ದೊಡ್ಡ ಸಾಹೇಬರು ಬರುವ ದಿನವೇ ನಮ್ಮ ಗೇಟ್ ಪಾಸು ವಾಪಸ್ಸು ಕೊಡಬೇಕಿತ್ತು. ಮುಂಬಾಗಿಲಿಗೆ ಗಾಜಿನ ಕದ ಬಂದಿತ್ತು. ಹತ್ತಿರ ಹೋದರೆ ತಾನೇ ತೆರೆಯುವಂಥದ್ದು. ದೊಡ್ಡವ್ವ ಇನ್ನೂ ಹಿಂದಿನ ಗೇಟಿನಿಂದಲೇ ಓಡಾಡುತ್ತಿದ್ದಳು.

"ಹೊಸ ಮನೆಗೆ ಮೊದ್ಲು ಅಸು ನುಗ್ಸಾಕಿಲ್ವಾ ಸ್ವಾಮಿ?" ಅಂತ ಹಿಂದಿನ ದಿನ ಎಂಜಿನಿಯರನ್ನು ಕೇಳಿದ್ದಳು. ಅವರು ನಕ್ಕಿದ್ದರು.

ಪಕ್ಕದ ಹಳ್ಳಿಯ ಹಸುವೊಂದು ದಿನಾ ಹಿಂದಿನ ಗೇಟಿಗೆ ಬಂದು ದೊಡ್ಡವ್ವ ಇಡುವ ಕಲಗಚ್ಚು ಕುಡಿದು ಹೋಗುತ್ತಿತ್ತು. ಅವತ್ತು ಬೆಳಿಗ್ಗೆ ಕಲಗಚ್ಚಿನ ಬಕೆಟ್ಟು ಅದು ಹೇಗೋ ಮುಂಬಾಗಿಲ ಮುಂದಿತ್ತು. ಹಸು ಬಂತು, ಕುಡಿಯಿತು, ತಲೆ ಎತ್ತಿತು. ಕದ ತೆರೆಯಿತು. ಹಸು ಒಳಗೆ ಹೋಯಿತು.

ವಾಚ್‌ಮನ್ "ಹೈ ಹೈ" ಅಂದ. ಎಂಜಿನಿಯರು ಫೈಲು ಬೀಸಿದರು. ಹಸು ನುಣ್ಣನೆಯ ನೆಲದ ನಡುವೆ ನಿಂತು ಸಗಣಿ ಹಾಕಿತು. ಸಾಹೇಬರು ಬರಲು ಕಾಲು ಗಂಟೆಯಷ್ಟೇ ಇತ್ತು. ಎಂಜಿನಿಯರು ಹಿಂದಿನ ಗೇಟಿಗೆ ಓಡಿದರು.

"ದೊಡ್ಡವ್ವಾ, ಬೇಗ ಒಳಗೆ ಬನ್ನಿ!"

"ಈ ಗೇಟಿಂದ ಬರಾಕಿಲ್ಲ ಸ್ವಾಮಿ."

"ಮುಂದಿನಿಂದ್ಲೇ ಬನ್ನಿ ತಾಯೀ!"

ಅವಳು ಅವಸರ ಮಾಡಲಿಲ್ಲ. ಕಾಲು ತೊಳೆದಳು. ಗಾಜಿನ ಬಾಗಿಲಿಗೆ ಹೊಸಿಲಿರಲಿಲ್ಲ. ನೆಲದ ತಗಡಿನ ಪಟ್ಟಿಗೇ ಅರಿಶಿನ ಕುಂಕುಮ ಹಚ್ಚಿದಳು. ವಾಚ್‌ಮನ್ ಅಭ್ಯಾಸಬಲದಿಂದ "ಪಾಸು?" ಅಂದುಬಿಟ್ಟ.

"ಮೊದ್ಲು ಒಳೀಕೆ ಓದ್ಳಲ್ಲ, ಅವ್ಳ ಪಾಸು ನೋಡ್ದೇನ್ಲಾ?"

ಬಲಗಾಲಿಟ್ಟು ಒಳಗೆ ಹೋದಳು. ಹಸು ಹಿಡಿಯುವ ನೆಪದಲ್ಲಿ ನಾವೂ ಎಲ್ಲರೂ ಹಿಂದೆಯೇ ಹೋದೆವು. ನಾನು ಹಾಸಿದ ನೆಲದ ಮೇಲೆ ನಾನು ಎದೆಯೆತ್ತಿ ನಡೆದದ್ದು ಅವತ್ತೇ.

ಅಷ್ಟರಲ್ಲಿ ಸಾಹೇಬರ ಕಾರು ಬಂತು. ಕೆಳಗೆ ಕುಂಕುಮ, ಒಳಗೆ ಹಸು, ನೆಲದ ಮೇಲೆ ಸಗಣಿ. ಎಂಜಿನಿಯರ ಮುಖ ಬಿಳಿಚಿಕೊಂಡಿತು. ಸಾಹೇಬರು ಮಾತ್ರ ಗಡಬಡಿಸಿ ಬೂಟು ಬಿಚ್ಚತೊಡಗಿದರು.

"ಪೂಜೆ ಆಗಲೇ ಶುರುವಾಯ್ತೇನ್ರೀ? ನನಗೆ ಯಾರೂ ಹೇಳಲೇ ಇಲ್ಲ!" ಅನ್ನುತ್ತಾ ಕಾಲು ಒಳಗಿಟ್ಟರು.

ಹಸುವಿನ ಹಗ್ಗ ಹಿಡಿದು ಬಾಗಿಲ ತನಕ ಎಳೆದು ತಂದಿದ್ದ ದೊಡ್ಡವ್ವ ಕೈ ಅಡ್ಡ ಹಿಡಿದಳು.

"ಎಡಗಾಲು ಕಣ್ ಸ್ವಾಮಿ. ಆಚೆಗೋಗಿ ಸರ್ಯಾಗಿ ಬನ್ನಿ."

ಸಾಹೇಬರು ಹೊರಗೆ ಹೋಗಿ ಮತ್ತೆ ಬಂದರು.